ನರಕದ ಮಾತು ಯಾರಿಗೆ ಹೇಳಿದ್ದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ನಮ್ಮ ಪಕ್ಕದ ಮನೆಯವರು ಮುಸ್ಲಿಮರು, ಹನ್ನೆರಡು ವರ್ಷದ ಒಡನಾಟ. ರಂಜಾನ್ ಹಬ್ಬಕ್ಕೆ ಅವರ ಮನೆಯಿಂದ ಶೀರ್‌ಖುರ್ಮಾ ಬರುತ್ತದೆ, ಯುಗಾದಿಗೆ ನಮ್ಮ ಮನೆಯಿಂದ ಹೋಳಿಗೆ ಹೋಗುತ್ತದೆ. ಮೊನ್ನೆ ಆಟದ ನಡುವೆ ಅವರ ಒಂಬತ್ತು ವರ್ಷದ ಮಗಳು ನನ್ನ ಮಗಳಿಗೆ, "ನೀವೆಲ್ಲ ನರಕಕ್ಕೆ ಹೋಗ್ತೀರಂತೆ, ಯಾವತ್ತೂ ಅಲ್ಲೇ ಇರ್ತೀರಂತೆ" ಅಂದಳಂತೆ. ನನ್ನ ಮಗಳು ರಾತ್ರಿ ನಿದ್ದೆ ಮಾಡದೆ, "ಅಮ್ಮಾ, ನಾನು ಬೆಂಕಿಗೆ ಬೀಳ್ತೀನಾ?" ಎಂದು ಕೇಳಿದಳು. ಆ ಹುಡುಗಿಯ ತಾಯಿಗೆ ಗೊತ್ತಾಗಿ ತುಂಬಾ ನೊಂದುಕೊಂಡರು. ನನಗೆ ಜಗಳ ಬೇಡ, ತಿಳಿದುಕೊಳ್ಳಬೇಕು. ಇಸ್ಲಾಮಿನಲ್ಲಿ ನರಕ ಅಂದರೆ ನಿಜಕ್ಕೂ ಏನು? ಅಲ್ಲಿಗೆ ಹೋಗುವವರು ಯಾರು? ಹೋದವರು ವಾಪಸ್ ಬರುವುದೇ ಇಲ್ಲವೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ಉತ್ತರ ಕೊಡೋಣ. ಉಳಿದ ಮಾತು ದೊಡ್ಡವರದ್ದು, ಅದು ಸ್ವಲ್ಪ ಕಾಯಬಹುದು.

ಪ್ರವಾದಿ ಮುಹಮ್ಮದರು ಬೆಳಗಿನ ನಮಾಜು ಮುಗಿಸಿ ಜೊತೆಯವರ ಕಡೆ ತಿರುಗಿ, "ರಾತ್ರಿ ಯಾರಾದರೂ ಕನಸು ಕಂಡಿರಾ?" ಎಂದು ಕೇಳುತ್ತಿದ್ದರು. ಒಂದು ದಿನ ತಾವು ಕಂಡದ್ದನ್ನೇ ಹೇಳಿದರು. ಇಬ್ಬರು ಬಂದು ಅವರನ್ನು ಕರೆದುಕೊಂಡು ಹೋದರಂತೆ. ದಾರಿಯಲ್ಲಿ ಒಂದರ ಮೇಲೊಂದು ಶಿಕ್ಷೆಯ ನೋಟಗಳು. ಆಮೇಲೆ ಒಂದು ದಟ್ಟ ಹಸಿರು ತೋಟ, ವಸಂತಕಾಲದ ಬಣ್ಣಗಳೆಲ್ಲ ಅಲ್ಲಿದ್ದವು. ತೋಟದ ನಡುವೆ ಒಬ್ಬ ಮನುಷ್ಯ. ತಲೆ ಕಾಣದಷ್ಟು ಎತ್ತರ. ಅವರ ಸುತ್ತ ಮಕ್ಕಳೋ ಮಕ್ಕಳು. ಅಷ್ಟೊಂದು ಮಕ್ಕಳನ್ನು ಪ್ರವಾದಿಯವರು ಎಂದೂ ಕಂಡಿರಲಿಲ್ಲ. ಆ ಎತ್ತರದ ಮನುಷ್ಯ ಪ್ರವಾದಿ ಇಬ್ರಾಹಿಂ, ಮಕ್ಕಳು ಹುಟ್ಟಿದಾಗಿನ ಶುದ್ಧ ಸ್ವಭಾವದಲ್ಲೇ ತೀರಿಕೊಂಡವರು ಎಂದು ಜೊತೆಗಿದ್ದವರು ವಿವರಿಸಿದರು. ಕನಸು ಕೇಳುತ್ತಿದ್ದವರಲ್ಲಿ ಒಬ್ಬರು ತಡೆಯಲಾರದೆ ಕೇಳಿದರು: "ಬಹುದೇವರನ್ನು ಪೂಜಿಸುವವರ ಮಕ್ಕಳೂ ಅಲ್ಲಿದ್ದರಾ?" ಪ್ರವಾದಿಯವರು ಹೇಳಿದರು: "ಹೌದು, ಅವರ ಮಕ್ಕಳೂ."

ಇದು ಎಲ್ಲಿಯೋ ಮೂಲೆಯಲ್ಲಿ ಸಿಕ್ಕ ಕಥೆಯಲ್ಲ. ಪ್ರವಾದಿಯವರ ಮಾತು, ನಡತೆಗಳ ವರದಿಗೆ ಹದೀಸ್ ಅನ್ನುತ್ತಾರೆ. ಸುನ್ನಿ ಮುಸ್ಲಿಮರು ಅತಿ ಹೆಚ್ಚು ನಂಬುವ ಬುಖಾರಿ ಹದೀಸ್ ಸಂಗ್ರಹದಲ್ಲೇ ಇದು ಇದೆ. ಹೇಳಿದವರು ಪ್ರವಾದಿಯವರ ಜೊತೆಗಾರರಲ್ಲಿ ಒಬ್ಬರಾದ ಸಮುರಾ ಬಿನ್ ಜುಂದುಬ್. ಮುಸ್ಲಿಮೇತರರ ಮಕ್ಕಳ ಬಗ್ಗೆ ಹಳೆಯ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯ ಇದ್ದದ್ದು ನಿಜ. ಆದರೆ 13ನೇ ಶತಮಾನದ ಸಿರಿಯಾದ ಇಮಾಮ್ ನವವಿ ಎಲ್ಲವನ್ನೂ ತೂಗಿ ನೋಡಿ, ಅವರು ಸ್ವರ್ಗದಲ್ಲೇ ಇರುತ್ತಾರೆ ಎಂಬುದೇ ಸರಿಯಾದ ಮಾತು ಎಂದು ಬರೆದರು. ಇನ್ನೊಂದು ಹದೀಸ್ ಇದೆ. ಮೂವರ ಮೇಲಿಂದ ಲೇಖನಿಯನ್ನು ಎತ್ತಿಬಿಡಲಾಗಿದೆ, ಅಂದರೆ ಅವರ ಲೆಕ್ಕ ಬರೆಯುವುದಿಲ್ಲ: ನಿದ್ದೆಯಲ್ಲಿರುವವರು ಏಳುವ ತನಕ, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಸರಿಹೋಗುವ ತನಕ, ಮಗು ದೊಡ್ಡದಾಗುವ ತನಕ. ನಿಮ್ಮ ಮಗಳ ಹೆಸರಿನಲ್ಲಿ ಇನ್ನೂ ಲೆಕ್ಕದ ಪುಸ್ತಕವೇ ತೆರೆದಿಲ್ಲ. ಇದನ್ನು ಧೈರ್ಯವಾಗಿ ಹೇಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಕುರಾನಿನ ಕನ್ನಡ ಅನುವಾದಗಳಲ್ಲಿ "ನರಕ" ಎಂಬ ಪದ ಇರುತ್ತದೆ. ಬೇರೆ ಪದ ನಮ್ಮಲ್ಲಿಲ್ಲ, ಏನು ಮಾಡುವುದು. ಆದರೆ ನರಕ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಯಮಧರ್ಮ ಬರುತ್ತಾನೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಬರುತ್ತದೆ, ಕುದಿಯುವ ಎಣ್ಣೆಯ ಕೊಪ್ಪರಿಗೆ ಬರುತ್ತದೆ. ಪಾಪ ಕಳೆದ ಮೇಲೆ ಮತ್ತೆ ಹುಟ್ಟಿ ಬರುವುದೂ ಆ ಚಿತ್ರದ ಒಳಗೇ ಇದೆ. ಅರಬ್ಬಿಯ ಪದ "ಜಹನ್ನಮ್". ನಮ್ಮ ಕಡೆ ದಖ್ಖನಿ ಮಾತಾಡುವವರು ಫಾರ್ಸಿಯಿಂದ ಬಂದ "ದೋಜಖ್" ಅನ್ನುತ್ತಾರೆ. ಜಹನ್ನಮ್ ಪದದ ಬೇರು ಜೆರುಸಲೇಮಿನ ಪಕ್ಕದ ಒಂದು ಕಣಿವೆಯಲ್ಲಿದೆ. ಹಿಬ್ರೂ ಭಾಷೆಯಲ್ಲಿ ಅದು "ಗೇ ಹಿನ್ನೋಮ್", ಹಿನ್ನೋಮನ ಕಣಿವೆ. ಒಂದು ಕಾಲದಲ್ಲಿ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಎಂದು ಯಹೂದಿಗಳ ಧರ್ಮಗ್ರಂಥ ಹೇಳುತ್ತದೆ. ಆ ಕಣಿವೆಯ ಹೆಸರೇ ಮುಂದೆ ಯಹೂದಿಗಳಲ್ಲಿ, ಕ್ರೈಸ್ತರಲ್ಲಿ, ಆಮೇಲೆ ಮುಸ್ಲಿಮರಲ್ಲಿ ಸತ್ತ ಮೇಲಿನ ಶಿಕ್ಷೆಯ ಹೆಸರಾಯಿತು.

ಕುರಾನಿನಲ್ಲಿ ಜಹನ್ನಮ್ ಪದ 77 ಸಲ ಬರುತ್ತದೆ. ಸುಮ್ನೆ "ಬೆಂಕಿ" ಎಂದು ಹೇಳುವುದು ಅದಕ್ಕಿಂತ ಜಾಸ್ತಿ. ಬೇರೆ ಹೆಸರುಗಳೂ ಇವೆ: ಲಝಾ, ಸಖರ್, ಸಯೀರ್, ಜಹೀಮ್, ಹಾವಿಯಾ, ಹುತಮಾ. ನರಕಕ್ಕೆ ಏಳು ಬಾಗಿಲು ಎಂದು 15ನೇ ಅಧ್ಯಾಯ ಹೇಳುತ್ತದೆ. ಜಹನ್ನಮ್ ಸೇರಿಸಿ ಈ ಏಳು ಹೆಸರುಗಳನ್ನು ಒಂದರ ಕೆಳಗೊಂದು ಏಳು ಅಂತಸ್ತು ಮಾಡಿ, ಇಂಥವರಿಗೆ ಇಂಥ ಅಂತಸ್ತು ಎಂದು ಹಂಚಿದ್ದು ಆಮೇಲೆ ಬಂದ ವ್ಯಾಖ್ಯಾನಕಾರರು. ಕುರಾನಿನಲ್ಲಿ ಆ ನಕ್ಷೆ ಇಲ್ಲ.

ಇನ್ನೊಂದು ತಪ್ಪು ಕಲ್ಪನೆ ಇದೆ, ಸಿನಿಮಾ ನೋಡಿ ಬಂದದ್ದು: ನರಕಕ್ಕೆ ಸೈತಾನನೇ ರಾಜ ಎಂದು. ಇಸ್ಲಾಮಿನಲ್ಲಿ ಹಾಗಿಲ್ಲ. ಅವನೂ ಅಲ್ಲಿಯ ಕೈದಿಯೇ. ಕಾವಲಿಗೆ ಇರುವವರು ಹತ್ತೊಂಬತ್ತು ಮಲಕ್‌ಗಳು, ಅಂದರೆ ದೇವದೂತರು. ಅವರಲ್ಲಿ ಒಬ್ಬರ ಹೆಸರು ಮಾಲಿಕ್. ತೀರ್ಪಿನ ದಿನ ಮುಗಿದ ಮೇಲೆ ಸೈತಾನ ತನ್ನ ಹಿಂದೆ ಬಂದವರಿಗೆ ಮಾಡುವ ಒಂದು ಚಿಕ್ಕ ಭಾಷಣ 14ನೇ ಅಧ್ಯಾಯದಲ್ಲಿದೆ. ನನಗೆ ನಿಮ್ಮ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ನಾನು ಕರೆದೆ, ನೀವು ಬಂದಿರಿ, ನನ್ನನ್ನು ಬೈಯಬೇಡಿ, ನಿಮ್ಮನ್ನೇ ಬೈದುಕೊಳ್ಳಿ ಅನ್ನುತ್ತಾನೆ. ಬೆಂಕಿಯ ವರ್ಣನೆಗಿಂತ ಈ ನಾಲ್ಕು ಮಾತು ನನ್ನನ್ನು ಜಾಸ್ತಿ ನಡುಗಿಸುತ್ತದೆ.

ವರ್ಣನೆಗಳು ಕಠೋರವಾಗಿವೆ, ಮುಚ್ಚಿಡುವುದಿಲ್ಲ. ಕರುಳನ್ನು ಕತ್ತರಿಸುವ ಕುದಿನೀರು. ಸುಟ್ಟಂತೆಲ್ಲ ಹೊಸದಾಗಿ ಬರುವ ಚರ್ಮ. ಸೈತಾನರ ತಲೆಯಂಥ ಕಾಯಿ ಬಿಡುವ ಝಕ್ಕೂಮ್ ಎಂಬ ಮರ. "ತುಂಬಿತೇ?" ಎಂದು ಕೇಳಿದರೆ "ಇನ್ನೂ ಇದ್ದಾರಾ?" ಎಂದು ಬಾಯಿ ತೆರೆಯುವ ನರಕ. ಇದನ್ನು ಮೊದಲು ಕೇಳಿದವರು ಮಕ್ಕಾದ ಜನ. ನೆರಳಿಲ್ಲದ ಬಂಡೆ, ಉರಿಯುವ ಮರಳು, ನೀರಿಗಾಗಿ ಮೈಲುಗಟ್ಟಲೆ ನಡಿಗೆ ಇವೆಲ್ಲ ಅವರ ದಿನನಿತ್ಯ. ಅವರಿಗೆ ಬಾಯಾರಿಕೆ ಅಂದರೆ ಏನೆಂದು ವಿವರಿಸಬೇಕಿರಲಿಲ್ಲ. ಬೆಂಕಿ ಮಾತ್ರವಲ್ಲ, ಕೊರೆಯುವ ಚಳಿಯೂ ನರಕದ್ದೇ ಎಂದು ಹದೀಸ್ ಹೇಳುತ್ತದೆ. ನರಕಕ್ಕೆ ವರ್ಷಕ್ಕೆ ಎರಡು ಉಸಿರು ಬಿಡಲು ಅಪ್ಪಣೆಯಂತೆ. ಬೇಸಿಗೆಯ ಉರಿ ಒಂದು ಉಸಿರು, ಚಳಿಗಾಲದ ಕೊರೆತ ಇನ್ನೊಂದು.

ಆದರೆ ವರ್ಣನೆ ಎಷ್ಟೇ ಇರಲಿ, ಅದನ್ನು ಯಾರಿಗೆ ಹೇಳಿದರು ಅನ್ನುವುದೇ ಮುಖ್ಯ. ನಲವತ್ತು ವರ್ಷ ಅರಬ್ಬಿ ಕಲಿತು ಕಲಿಸಿದ ಮೇಲೆ ನಾನು ಬಂದು ನಿಂತ ಜಾಗ ಇದು. ಒಂದೇ ಒಂದು ಅಧ್ಯಾಯವನ್ನು ಹತ್ತಿರದಿಂದ ನೋಡೋಣ.

104ನೇ ಅಧ್ಯಾಯ. ಒಂಬತ್ತೇ ಸಾಲು. ಚಿಕ್ಕದು ಎಂದು ಮುಸ್ಲಿಂ ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ, ನಾನೂ ಆರನೇ ವಯಸ್ಸಿಗೆ ಮಾಡಿದ್ದೆ. ಅರ್ಥ ಹೊಳೆದದ್ದು ತಲೆಗೂದಲು ನೆರೆತ ಮೇಲೆ. ಅದು ಶುರುವಾಗುವುದು "ಕೇಡು" ಎಂಬ ಮಾತಿನಿಂದ. ಯಾರಿಗೆ ಕೇಡು? ಎದುರಿಗೆ ಚುಚ್ಚುವವರಿಗೆ, ಬೆನ್ನ ಹಿಂದೆ ಆಡಿಕೊಳ್ಳುವವರಿಗೆ. ದುಡ್ಡು ಕೂಡಿಟ್ಟು ಮತ್ತೆ ಮತ್ತೆ ಎಣಿಸುವವರಿಗೆ. ಆ ದುಡ್ಡು ತನ್ನನ್ನು ಸಾಯದಂತೆ ಕಾಯುತ್ತದೆ ಅಂದುಕೊಂಡವರಿಗೆ. ಅಂಥವರನ್ನು ಹುತಮಾದೊಳಗೆ ಎಸೆಯಲಾಗುತ್ತದೆ. ಹುತಮಾ ಅಂದರೆ ಮುರಿದು ಚೂರುಚೂರು ಮಾಡುವಂಥದ್ದು. ಅದೇನೆಂದು ನಿನಗೆ ಗೊತ್ತೇ ಎಂದು ಕೇಳಿ ಕುರಾನ್ ತಾನೇ ಉತ್ತರ ಕೊಡುತ್ತದೆ: ಅಲ್ಲಾಹ್ ಹೊತ್ತಿಸಿದ ಬೆಂಕಿ, ಹೃದಯಗಳ ಮೇಲೆ ಏರುವ ಬೆಂಕಿ.

ಹೃದಯದ ಮೇಲೆ ಏರುವ ಬೆಂಕಿ. ಸೌದೆಯ ಬೆಂಕಿ ಚರ್ಮದಿಂದ ಒಳಗೆ ಹೋಗುತ್ತದೆ. ಇದು ಎಲ್ಲಿ ದುರಾಸೆ ಇತ್ತೋ ಅಲ್ಲಿಗೇ ಹೋಗುತ್ತದೆ. ಈ ಒಂಬತ್ತು ಸಾಲಿನಲ್ಲಿ ಧರ್ಮದ ಹೆಸರು ಒಂದೂ ಇಲ್ಲ, ಗಮನಿಸಿ. ಬೈದದ್ದು ಒಂದು ನಡತೆಯನ್ನು.

ಬೇರೆ ಕಡೆಯೂ ಹೀಗೆಯೇ. ಅನಾಥರ ಆಸ್ತಿ ನುಂಗುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆ (4:10, ಅಂದರೆ ಕುರಾನಿನ 4ನೇ ಅಧ್ಯಾಯದ 10ನೇ ಸಾಲು). ಚಿನ್ನ ಬೆಳ್ಳಿ ಕೂಡಿಟ್ಟು ದಾನ ಮಾಡದವರಿಗೆ ಅದೇ ಚಿನ್ನ ಬೆಳ್ಳಿಯನ್ನು ಕಾಯಿಸಿ ಹಣೆಗೆ, ಪಕ್ಕೆಗೆ, ಬೆನ್ನಿಗೆ ಬರೆ (9:35). ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವವರಿಗೆ ಒಂದಿಡೀ ಅಧ್ಯಾಯವೇ ಇದೆ. 74ನೇ ಅಧ್ಯಾಯದಲ್ಲಿ ನರಕದವರನ್ನೇ ಕೇಳಲಾಗುತ್ತದೆ, ನೀವು ಇಲ್ಲಿಗೆ ಬಂದದ್ದು ಹೇಗೆ ಎಂದು. ನಾವು ನಮಾಜು ಮಾಡುತ್ತಿರಲಿಲ್ಲ, ಬಡವರಿಗೆ ಊಟ ಹಾಕುತ್ತಿರಲಿಲ್ಲ, ಕಾಡುಹರಟೆಯವರ ಜೊತೆ ಕಾಡುಹರಟೆ ಹೊಡೆಯುತ್ತಿದ್ದೆವು, ತೀರ್ಪಿನ ದಿನವನ್ನು ಸುಳ್ಳು ಅನ್ನುತ್ತಿದ್ದೆವು ಎಂದು ಅವರು ಹೇಳುತ್ತಾರೆ. ಹದೀಸಿನಲ್ಲಿ ಒಬ್ಬ ಹೆಂಗಸಿನ ಕಥೆ ಇದೆ. ಬೆಕ್ಕನ್ನು ಕೂಡಿಹಾಕಿದಳು, ತಾನೂ ಊಟ ಹಾಕಲಿಲ್ಲ, ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಬೆಕ್ಕು ಸತ್ತಿತು. ಅದಕ್ಕೇ ಅವಳಿಗೆ ಬೆಂಕಿ. ಇನ್ನೊಬ್ಬಳು ಮೈ ಮಾರಿ ಬದುಕುತ್ತಿದ್ದವಳು. ಬಾಯಾರಿ ಬಾವಿಯ ಸುತ್ತ ಸುತ್ತುತ್ತಿದ್ದ ನಾಯಿಗೆ ತನ್ನ ಮೋಜಾದಲ್ಲಿ ನೀರು ಸೇದಿ ಕೊಟ್ಟಳು. ಅವಳಿಗೆ ಕ್ಷಮೆ.

ಎಲ್ಲಕ್ಕಿಂತ ನನಗೆ ಹತ್ತಿರವಾದದ್ದು "ದಿವಾಳಿ"ಯ ಹದೀಸ್. ಪ್ರವಾದಿಯವರು ಕೇಳಿದರು, "ದಿವಾಳಿ ಎದ್ದವನು ಅಂದರೆ ಯಾರು ಗೊತ್ತಾ?" ಕೈಯಲ್ಲಿ ಕಾಸಿಲ್ಲದವನು, ಆಸ್ತಿ ಇಲ್ಲದವನು ಎಂದರು ಜೊತೆಯವರು. ಅಲ್ಲ ಎಂದರು ಪ್ರವಾದಿ. ನನ್ನ ಸಮುದಾಯದಲ್ಲಿ ದಿವಾಳಿ ಎದ್ದವನು ಯಾರೆಂದರೆ, ತೀರ್ಪಿನ ದಿನ ನಮಾಜು, ಉಪವಾಸ, ಜಕಾತು (ಕಡ್ಡಾಯ ದಾನ) ಎಲ್ಲ ಹೊತ್ತುಕೊಂಡು ಬರುತ್ತಾನೆ. ಆದರೆ ಇವನನ್ನು ಬೈದಿರುತ್ತಾನೆ, ಅವನ ಮೇಲೆ ಸುಳ್ಳು ಅಪವಾದ ಹೊರಿಸಿರುತ್ತಾನೆ, ಇನ್ನೊಬ್ಬನ ದುಡ್ಡು ತಿಂದಿರುತ್ತಾನೆ, ಮತ್ತೊಬ್ಬನನ್ನು ಹೊಡೆದಿರುತ್ತಾನೆ. ಅವರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಇವನ ಪುಣ್ಯವನ್ನು ಅವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದು ಬಾಕಿ ಉಳಿದರೆ ಅವರ ಪಾಪವನ್ನು ಇವನ ತಲೆಗೆ ಹಾಕಿ ಬೆಂಕಿಗೆ ತಳ್ಳಲಾಗುತ್ತದೆ.

ಮಂಡಿ ಲೆಕ್ಕ ಗೊತ್ತಿರುವ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಅಲ್ಲಿ ನಿಂತಿರುವವನು ಐದು ಹೊತ್ತು ನಮಾಜು ಮಾಡಿದ ಮುಸ್ಲಿಮನೇ. ಸಾಲದವರ ಸಾಲಿನಲ್ಲಿ ಯಾರಿದ್ದಾರೆ, ಯಾವ ಜಾತಿ, ಯಾವ ಮತ, ಹದೀಸ್ ಕೇಳುವುದೇ ಇಲ್ಲ.

ಹಾಗಾದರೆ ನಂಬಿಕೆಯ ಮಾತೇ ಇಲ್ಲವಾ? ಇದೆ. ನಿಮ್ಮನ್ನು ಸಮಾಧಾನ ಮಾಡಲು ಅದನ್ನು ಮರೆಮಾಚಿದರೆ ನಾನು ನಿಮಗೂ ಮೋಸ, ನನ್ನ ಓದಿಗೂ ಮೋಸ ಮಾಡಿದಂತೆ. ಸತ್ಯವನ್ನು ನಿರಾಕರಿಸಿದವರಿಗೆ, ಅಂದರೆ ಕಾಫಿರರಿಗೆ, ನರಕ ಎಂದು ಕುರಾನ್ ಹಲವು ಸಲ ಹೇಳುತ್ತದೆ. ತನಗೆ ಪಾಲುದಾರರನ್ನು ಸೇರಿಸುವುದನ್ನು, ಅಂದರೆ ತನ್ನ ಜೊತೆ ಬೇರೆಯವರನ್ನೂ ದೇವರೆಂದು ಪೂಜಿಸುವುದನ್ನು, ಅಲ್ಲಾಹ್ ಕ್ಷಮಿಸುವುದಿಲ್ಲ, ಅದಕ್ಕಿಂತ ಕಡಿಮೆಯದನ್ನು ತಾನು ಬಯಸಿದವರಿಗೆ ಕ್ಷಮಿಸುತ್ತಾನೆ ಎಂದೂ ಹೇಳುತ್ತದೆ (4:48). ಅದೇ ಸ್ಥಿತಿಯಲ್ಲಿ ಸತ್ತವರಿಗೆ ಈ ಮಾತು ಎಂಬುದು ವಿದ್ವಾಂಸರ ವಿವರಣೆ. ಅಂಥವರು ಶಾಶ್ವತವಾಗಿ ಅಲ್ಲೇ ಇರುತ್ತಾರೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪಕ್ಕದ ಮನೆಯ ಹುಡುಗಿಯ ಕಿವಿಗೆ ಬಿದ್ದಿರುವುದು ಇದರ ತುದಿ ಮಾತ್ರ.

ಆದರೆ ಕಾಫಿರ್ ಅಂದರೆ ಯಾರು? ಆ ಪದದ ಬೇರಿನ ಅರ್ಥ "ಮುಚ್ಚುವುದು". ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತರನ್ನೂ ಕುರಾನ್ ಒಂದು ಕಡೆ (57:20) ಇದೇ ಪದದಿಂದ ಕರೆಯುತ್ತದೆ. ಸತ್ಯ ಎದುರಿಗೆ ಬಂದು ನಿಂತಾಗ, ಇದು ಸತ್ಯ ಎಂದು ಒಳಗೆ ಗೊತ್ತಿದ್ದೂ ಅದನ್ನು ಮುಚ್ಚಿಹಾಕುವವನು ಕಾಫಿರ್. ಹಾಗಿದ್ದರೆ ಸತ್ಯ ತಲುಪದೇ ಇರುವವರು? ಕುರಾನ್ 17:15ರಲ್ಲಿ ಹೇಳುತ್ತದೆ: ಒಬ್ಬ ದೂತನನ್ನು ಕಳಿಸದೆ ನಾವು ಯಾರನ್ನೂ ಶಿಕ್ಷಿಸುವುದಿಲ್ಲ.

ಈ ಸಾಲನ್ನು ಹಿಡಿದು ಇಮಾಮ್ ಗಝಾಲಿ ಬಹಳ ದೂರ ಹೋದರು. ಅವರ ಕಾಲ 1058ರಿಂದ 1111. ಸುನ್ನಿ ಪರಂಪರೆಯಲ್ಲಿ ಅವರಿಗಿಂತ ದೊಡ್ಡ ಹೆಸರುಗಳು ಕಡಿಮೆ. ಮಾತುಮಾತಿಗೆ ಇನ್ನೊಬ್ಬರನ್ನು ಕಾಫಿರ್ ಅನ್ನುವವರ ವಿರುದ್ಧವೇ ಒಂದು ಪುಸ್ತಕ ಬರೆದರು. ಅದರಲ್ಲಿ ತಮ್ಮ ಕಾಲದ ರೂಮಿನ (ಬೈಜಾಂಟಿಯಮ್ ಸಾಮ್ರಾಜ್ಯದ) ಕ್ರೈಸ್ತರನ್ನೂ, ದೂರದ ತುರ್ಕಿ ಜನರನ್ನೂ ಮೂರು ಗುಂಪು ಮಾಡುತ್ತಾರೆ. ಪ್ರವಾದಿಯ ಹೆಸರನ್ನೇ ಕೇಳದವರು ಒಂದು ಗುಂಪು. ಅವರಿಗೆ ವಿನಾಯಿತಿ. ಮುಸ್ಲಿಮರ ನಡುವೆಯೇ ಇದ್ದು, ಪ್ರವಾದಿಯ ಗುಣ ನಡತೆಯೆಲ್ಲ ಚೆನ್ನಾಗಿ ತಿಳಿದೂ ಹಟದಿಂದ ನಿರಾಕರಿಸಿದವರು ಎರಡನೇ ಗುಂಪು. ಮೂರನೆಯವರು ನಡುವಿನವರು. ಅವರಿಗೆ ಹೆಸರು ಗೊತ್ತು. ಆದರೆ ಚಿಕ್ಕಂದಿನಿಂದ ಕೇಳಿದ್ದೆಲ್ಲ ತಿರುಚಿದ ಮಾತು, ಕೆಟ್ಟ ಮಾತು. ಇವರೂ ಮೊದಲ ಗುಂಪಿನ ಹಾಗೆಯೇ ಅನ್ನುತ್ತಾರೆ ಗಝಾಲಿ. ಹಾಗೆ ಕೇಳಿದ ಮಾತು ಸತ್ಯವನ್ನು ಹುಡುಕಲು ಯಾರನ್ನೂ ಪ್ರೇರೇಪಿಸುವುದಿಲ್ಲ ಎಂಬುದು ಅವರ ಕಾರಣ.

ಸುಮಾರು 900 ವರ್ಷದ ಹಿಂದೆ ಬರೆದ ಮಾತು ಇದು. ಇವತ್ತು ಟಿವಿಯಲ್ಲಿ, ಮೊಬೈಲಿನಲ್ಲಿ ಇಸ್ಲಾಂ ಎಂದು ತೋರಿಸುವುದನ್ನು ನೋಡಿದಾಗೆಲ್ಲ ನನಗೆ ಗಝಾಲಿಯ ಮೂರನೇ ಗುಂಪು ನೆನಪಾಗುತ್ತದೆ. ತಪ್ಪು ಚಿತ್ರ ಮೂಡಿದ್ದಕ್ಕೆ ನಮ್ಮವರ ಕೊಡುಗೆಯೂ ಇದೆ ಎಂದು ನೋವಿನಿಂದಲೇ ಹೇಳುತ್ತೇನೆ.

ನೀವು ಕೇಳಿದ ಕೊನೆಯ ಪ್ರಶ್ನೆ, ಹೋದವರು ವಾಪಸ್ ಬರುತ್ತಾರಾ ಎಂಬುದು. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಜನ ಇದೇ ವಿಷಯಕ್ಕೆ ಪಂಗಡ ಪಂಗಡವಾಗಿ ಒಡೆದರು. ದೊಡ್ಡ ಪಾಪ ಮಾಡಿದ ಮುಸ್ಲಿಮನ ಗತಿ ಏನು? ಖಾರಿಜಿಗಳು ಅವನು ಮುಸ್ಲಿಮನೇ ಅಲ್ಲ, ಶಾಶ್ವತ ನರಕ ಎಂದರು. ಮುರ್ಜಿಗಳು ತೀರ್ಪನ್ನು ದೇವರಿಗೆ ಬಿಡಿ ಎಂದರು. ಬಸ್ರಾ ಊರಿನಲ್ಲಿ ಹಸನ್ ಬಸ್ರಿಯವರ ಪಾಠದ ಸುತ್ತು ನಡೆಯುತ್ತಿತ್ತು. ಅಲ್ಲಿ ಈ ಪ್ರಶ್ನೆ ಬಂದಾಗ ಶಿಷ್ಯ ವಾಸಿಲ್ ಬಿನ್ ಅತಾ ಎದ್ದು, ಅವನು ಪೂರ್ತಿ ನಂಬಿಕೆಯವನೂ ಅಲ್ಲ ಕಾಫಿರನೂ ಅಲ್ಲ, ನಡುವಿನವನು ಎಂದು ಹೇಳಿ ಮಸೀದಿಯ ಇನ್ನೊಂದು ಕಂಬದ ಬಳಿ ಹೋಗಿ ಕುಳಿತರಂತೆ. ಮುಅತಜಿಲಾ ಎಂಬ ಪಂಥ ಅಲ್ಲಿಂದ ಶುರುವಾಯಿತು ಎಂಬ ಕಥೆ ಇದೆ. "ಬೇರೆಯಾಗಿ ಹೋದವರು" ಎಂದು ಆ ಹೆಸರಿನ ಅರ್ಥ. ಕೊನೆಗೆ ಸುನ್ನಿಗಳಲ್ಲಿ ನಿಂತ ಮಾತು ಇದು: ಸಾಸಿವೆಯಷ್ಟು ನಂಬಿಕೆ ಇದ್ದವನೂ ಒಂದಲ್ಲ ಒಂದು ದಿನ ನರಕದಿಂದ ಹೊರಗೆ ಬರುತ್ತಾನೆ.

ಹೇಗೆ ಬರುತ್ತಾನೆ? ಹದೀಸಿನ ಚಿತ್ರ ನೋಡಿ. ಸುಟ್ಟು ಕರಕಲಾದವರನ್ನು ಹೊರಗೆ ತೆಗೆದು ಜೀವದ ನದಿಯಲ್ಲಿ ಹಾಕುತ್ತಾರೆ. ಪ್ರವಾಹ ತಂದು ಹಾಕಿದ ಮಣ್ಣಿನಲ್ಲಿ ಬೀಜ ಮೊಳೆಯುವ ಹಾಗೆ ಅವರು ಮೊಳೆಯುತ್ತಾರೆ. "ಮೊಳಕೆ ಹಳದಿಯಾಗಿ, ಸುರುಳಿ ಸುತ್ತಿಕೊಂಡು ಬರುವುದನ್ನು ನೀವು ನೋಡಿಲ್ಲವೇ?" ಎಂದು ಪ್ರವಾದಿಯವರು ಕೇಳುತ್ತಾರೆ. ಮಳೆ ನಿಂತ ಮೇಲೆ ಹಳ್ಳದ ದಂಡೆಗೆ ಹೋದ ಯಾರಿಗಾದರೂ ಆ ಹಳದಿ ಮೊಳಕೆ ಗೊತ್ತು.

ಉಳಿದವರ ವಿಷಯ? ಇಲ್ಲಿಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. 11:107ರಲ್ಲಿ, ಭೂಮಿ ಆಕಾಶ ಇರುವ ತನಕ ಅವರು ಅಲ್ಲಿರುತ್ತಾರೆ ಎಂದು ಹೇಳಿ, "ನಿನ್ನ ಪ್ರಭು ಬೇರೆ ಬಯಸಿದ್ದನ್ನು ಬಿಟ್ಟು" ಎಂಬ ಮಾತು ಸೇರಿದೆ. ಸ್ವರ್ಗದ ಬಗ್ಗೆಯೂ ಮುಂದಿನ ಸಾಲಿನಲ್ಲಿ ಇದೇ ಮಾತು ಬರುತ್ತದೆ. ಆದರೆ ಅಲ್ಲಿ "ಎಂದೂ ಕಡಿಯದ ಕೊಡುಗೆ" ಎಂದು ಸೇರಿಸಿದ್ದಾರೆ. ನರಕಕ್ಕೆ ಆ ಭರವಸೆ ಇಲ್ಲ. ಈ ವ್ಯತ್ಯಾಸವನ್ನು ಹಿಡಿದು, ನರಕದ ಬೆಂಕಿ ಒಂದು ದಿನ ಆರಬಹುದು ಎಂದು ವಾದಿಸಿದವರು ಯಾರು ಗೊತ್ತಾ? ಕಟ್ಟುನಿಟ್ಟಿಗೆ ಹೆಸರಾದ ಇಬ್ನ್ ತೈಮಿಯಾ (1263-1328), ತಮ್ಮ ಕೊನೆಗಾಲದಲ್ಲಿ. ಅವರ ಶಿಷ್ಯ ಇಬ್ನುಲ್ ಖಯ್ಯಿಮ್ ಅದನ್ನು ಇನ್ನೂ ಬೆಳೆಸಿದರು. ಖಲೀಫ ಉಮರರ ಒಂದು ಮಾತನ್ನು ಅವರು ಮುಂದಿಡುತ್ತಾರೆ: ನರಕದವರು ಆಲಿಜ್ ಮರುಭೂಮಿಯ ಮರಳಿನ ಲೆಕ್ಕದಷ್ಟು ಕಾಲ ಅಲ್ಲಿದ್ದರೂ, ಹೊರಗೆ ಬರುವ ದಿನವೊಂದು ಇದ್ದೇ ಇರುತ್ತದೆ. ಆ ಮಾತನ್ನು ಹೇಳಿದ ಹಸನ್ ಬಸ್ರಿಯವರು ಉಮರರ ಬಾಯಿಂದ ನೇರವಾಗಿ ಕೇಳಿದವರಲ್ಲ, ಆದ್ದರಿಂದ ಅದು ಗಟ್ಟಿ ಸಾಕ್ಷಿ ಅಲ್ಲ. 1348ರಲ್ಲಿ ದಮಾಸ್ಕಸ್ಸಿನ ತಖಿಯುದ್ದೀನ್ ಸುಬ್ಕಿ ಇದನ್ನು ಖಂಡಿಸಿ, ಸ್ವರ್ಗ ನರಕ ಎರಡೂ ಶಾಶ್ವತ ಎಂದು ಒಂದು ಪುಸ್ತಕವನ್ನೇ ಬರೆದರು. ಇವತ್ತಿಗೂ ಹೆಚ್ಚಿನವರು ಸುಬ್ಕಿಯ ಕಡೆಯೇ. ಆದರೆ ವಾದ ನಡೆದದ್ದು ಇಬ್ಬರು ದೊಡ್ಡ ಇಮಾಮರ ನಡುವೆ ಎಂಬುದನ್ನು ಮರೆಯಬಾರದು.

ನಮ್ಮ ಕಾಲಕ್ಕೆ ಹತ್ತಿರದವರು ಕವಿ ಇಕ್ಬಾಲ್. 1929ರ ಜನವರಿಯಲ್ಲಿ ಮದ್ರಾಸಿನಲ್ಲಿ ಉಪನ್ಯಾಸ ಕೊಟ್ಟು ಬೆಂಗಳೂರು, ಮೈಸೂರಿಗೂ ಬಂದಿದ್ದರು. ಆ ಉಪನ್ಯಾಸ ಮಾಲೆಯ ಪುಸ್ತಕದಲ್ಲಿ ಅವರು ಸ್ವರ್ಗ ನರಕಗಳನ್ನು ಜಾಗಗಳೆಂದಲ್ಲ, ಸ್ಥಿತಿಗಳೆಂದು ನೋಡುತ್ತಾರೆ. ಮನುಷ್ಯನಾಗಿ ತಾನು ಸೋತೆ ಎಂಬ ಸಂಕಟದ ಅರಿವೇ ನರಕ, ಅದು ತಿದ್ದಲು ಇರುವಂಥದ್ದು, ಶಾಶ್ವತ ಶಾಪ ಎಂಬುದು ಇಸ್ಲಾಮಿನಲ್ಲಿ ಇಲ್ಲ ಎಂಬುದು ಅವರ ನಿಲುವು. ಅದಕ್ಕೆ ಅವರು ಹಿಡಿದುಕೊಂಡದ್ದು ಮೇಲೆ ಹೇಳಿದ, ಹೃದಯದ ಮೇಲೆ ಏರುವ ಬೆಂಕಿಯ ಸಾಲನ್ನೇ. ಉಲಮಾಗಳಲ್ಲಿ, ಅಂದರೆ ಧರ್ಮ ವಿದ್ವಾಂಸರಲ್ಲಿ, ಬಹಳಷ್ಟು ಮಂದಿ ಇದನ್ನು ಒಪ್ಪುವುದಿಲ್ಲ. ನನಗೂ ಜಾಗ ಅಲ್ಲವೇ ಅಲ್ಲ ಎಂದು ಅಷ್ಟು ಖಚಿತವಾಗಿ ಹೇಳುವ ಧೈರ್ಯ ಇಲ್ಲ. ಆದರೆ ತಿದ್ದಲು ಇರುವಂಥದ್ದು ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

ಇಷ್ಟೆಲ್ಲ ವಾದಗಳ ನಡುವೆ ಒಂದು ವಿಷಯದಲ್ಲಿ ಸುನ್ನಿ ವಿದ್ವಾಂಸರಲ್ಲಿ ಜಗಳವೇ ಇಲ್ಲ. ನಮ್ಮ ನಡುವೆ ಬದುಕಿರುವ ಒಬ್ಬರನ್ನು ಬೆರಳು ಮಾಡಿ ತೋರಿಸಿ, "ಇವರು ನರಕಕ್ಕೆ" ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವರ ಕೊನೆ ಹೇಗಾಗುತ್ತದೋ ದೇವರಿಗೆ ಮಾತ್ರ ಗೊತ್ತು. ಒಬ್ಬ ಮನುಷ್ಯ ಇನ್ನೊಬ್ಬನ ಬಗ್ಗೆ, "ಅಲ್ಲಾಹನಾಣೆ, ಅಲ್ಲಾಹ್ ಇವನನ್ನು ಕ್ಷಮಿಸುವುದಿಲ್ಲ" ಎಂದು ಆಣೆ ಹಾಕಿದನಂತೆ. ಅದಕ್ಕೆ ಅಲ್ಲಾಹ್, "ನಾನು ಕ್ಷಮಿಸುವುದಿಲ್ಲ ಎಂದು ನನ್ನ ಮೇಲೆ ಆಣೆ ಹಾಕಲು ಇವನ್ಯಾರು? ಅವನನ್ನು ಕ್ಷಮಿಸಿದ್ದೇನೆ, ನಿನ್ನ ಪುಣ್ಯವನ್ನೆಲ್ಲ ಅಳಿಸಿದ್ದೇನೆ" ಎಂದನಂತೆ. ಇದು ಇಮಾಮ್ ಮುಸ್ಲಿಂ ಎಂಬ ವಿದ್ವಾಂಸರ ಹದೀಸ್ ಸಂಗ್ರಹದಲ್ಲಿದೆ. ಮದರಸಾಗಳಲ್ಲಿ ನರಕದ ಪಾಠ ಮಾಡುವವರು ಇದನ್ನು ಮೊದಲ ದಿನವೇ ಹೇಳಬೇಕು ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ದಿನವೂ ನಮಾಜಿನ ಕೊನೆಗೆ ಓದುವ ಒಂದು ಪ್ರಾರ್ಥನೆ ಇದೆ: "ನಮಗೆ ಈ ಲೋಕದಲ್ಲೂ ಒಳ್ಳೆಯದು ಕೊಡು, ಪರಲೋಕದಲ್ಲೂ ಒಳ್ಳೆಯದು ಕೊಡು, ಬೆಂಕಿಯ ಶಿಕ್ಷೆಯಿಂದ ನಮ್ಮನ್ನು ಕಾಪಾಡು." ರಂಜಾನಿನ ಕೊನೆಯ ಹತ್ತು ದಿನವನ್ನು ಜನ ಬೆಂಕಿಯಿಂದ ಬಿಡುಗಡೆಯ ದಿನಗಳು ಎಂದೇ ಕರೆಯುತ್ತಾರೆ. ರಾತ್ರಿಯ ತರಾವೀಹ್ ನಮಾಜಿನಲ್ಲಿ ನರಕದ ಸಾಲು ಬಂದಾಗ ಇಮಾಮರ ಗಂಟಲು ಕಟ್ಟುತ್ತದೆ, ಹಿಂದೆ ನಿಂತವರೂ ಬಿಕ್ಕುತ್ತಾರೆ. ಅಳುವುದು ಪಕ್ಕದ ಮನೆಯವರ ಪಾಪ ನೆನೆದಲ್ಲ.

ನಾನೂ ಚಿಕ್ಕವನಿದ್ದಾಗ ಹೆದರಿ ನಿದ್ದೆಗೆಟ್ಟವನೇ. ಪಾಠ ಹೇಳುವವರೊಬ್ಬರು ಝಕ್ಕೂಮ್ ಮರವನ್ನು ಬಣ್ಣ ಕಟ್ಟಿ ಹೇಳಿದ್ದರು. ನಾಲ್ಕು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಐದನೇ ದಿನ ಅಜ್ಜಿ ಒಲೆ ಮುಂದೆ ಕೂರಿಸಿಕೊಂಡರು. ಊದುಗೊಳವೆ ಪಕ್ಕಕ್ಕಿಟ್ಟು ಒಂದು ಕಥೆ ಹೇಳಿದರು. ದೇವರು ಕರುಣೆಯನ್ನು ನೂರು ಪಾಲು ಮಾಡಿದ. ಒಂದೇ ಒಂದು ಪಾಲನ್ನು ಭೂಮಿಗೆ ಕಳಿಸಿದ. ಆ ಒಂದು ಪಾಲಿನಲ್ಲೇ ಎಲ್ಲ ತಾಯಂದಿರ ಪ್ರೀತಿ ಬಂತು. ಕುದುರೆ ತನ್ನ ಮರಿಗೆ ತುಳಿತ ಬೀಳದಿರಲಿ ಎಂದು ಗೊರಸು ಎತ್ತಿ ಹಿಡಿಯುವುದೂ ಅದರಿಂದಲೇ. ಉಳಿದ ತೊಂಬತ್ತೊಂಬತ್ತು ಪಾಲನ್ನು ತೀರ್ಪಿನ ದಿನಕ್ಕೆ ಎಂದು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅದು ಬುಖಾರಿಯಲ್ಲಿರುವ ಹದೀಸ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆ ಹುಡುಗಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಗಳಿಗೆ ಹಾಗೆ ಹೇಳುವ ಮೊದಲು ಅವಳೂ ಒಬ್ಬಳೇ ಹೆದರಿರುತ್ತಾಳೆ. ಗೆಳತಿಯನ್ನು ಕಳೆದುಕೊಳ್ಳುವ ಭಯವೂ ಆ ಮಾತಿನಲ್ಲಿ ಇದ್ದಿರಬಹುದು. ಅವಳ ತಾಯಿಯನ್ನು ಒಂದು ಸಂಜೆ ಮನೆಗೆ ಕರೆಯಿರಿ. ಇಬ್ಬರು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ ಆ ಹಸಿರು ತೋಟದ ಕನಸನ್ನು ಅವರೇ ಹೇಳಲಿ. ಎತ್ತರದ ಮನುಷ್ಯ ಯಾರಿರಬಹುದು ಎಂದು ಮಗಳನ್ನು ಕೇಳಲಿ. ಇಬ್ರಾಹಿಂ ಎಂದು ಅವಳೇ ಹೇಳುತ್ತಾಳೆ, ಬಕ್ರೀದ್ ಹಬ್ಬದ ಕಥೆ ಅವಳಿಗೆ ಗೊತ್ತಿರುತ್ತದೆ. ಸುತ್ತ ಇದ್ದ ಮಕ್ಕಳು ಯಾರ ಮಕ್ಕಳು ಎಂಬುದನ್ನು ಮಾತ್ರ ತಾಯಿ ಹೇಳಲಿ.